ದಾಲ್ಚಿನ್ನಿ ಚಕ್ಕೆ ಎಣ್ಣೆ: ‘ಆಂಟಿಆಕ್ಸಿಡೆಂಟ್’ ಅನ್ನೋ ಮಾತಿಗೆ ಎಷ್ಟು ಬೆಲೆ ಕೊಡಬೇಕು?

ಅಡಿಕೆ ತೋಟದ ಅಂಚಿನಲ್ಲಿ ಏನೇನು ಬೆಳೀಬಹುದು ಅಂತ ಬರೆದಾಗ ಬಂದ ಮೆಸೇಜುಗಳಲ್ಲಿ ಹೆಚ್ಚಿನವು ದಾಲ್ಚಿನ್ನಿ ಬಗ್ಗೆಯೇ ಇದ್ದವು. ಅದರಲ್ಲೂ ಒಂದೇ ಥರದ ಪ್ರಶ್ನೆ ಮತ್ತೆ ಮತ್ತೆ. “ಅಣ್ಣಾ, ಚಕ್ಕೆ ಎಣ್ಣೇಲಿ ಆಂಟಿಆಕ್ಸಿಡೆಂಟ್ ಜಾಸ್ತಿಯಂತೆ, ಅದಕ್ಕೇ ಲೀಟರಿಗೆ ಸಾವಿರಾರು ರೂಪಾಯಿ ಅಂತೆ. ಸಾಲ ಮಾಡಿ ಒಂದು ಸಣ್ಣ ಭಟ್ಟಿ ಹಾಕಿದ್ರೆ ಹೇಗೆ?” ಜೊತೆಗೆ ಯಾವುದೋ ವಾಟ್ಸಾಪ್ ಗುಂಪಿನಲ್ಲಿ ಓಡಾಡ್ತಿರೋ ಒಂದು ಪೋಸ್ಟರ್. ಗಿಡ ಮಾರುವವರು, ಭಟ್ಟಿ ಮಾರುವವರು, ಎಣ್ಣೆ ಮಾರುವವರು ಮೂವರೂ ಅದೇ ಪದ ಹಿಡಿದುಕೊಂಡಿದ್ದಾರೆ.

ಭಟ್ಟಿ ಹಾಕೋದು ಬೇಡ ಅಂತ ನಾನು ಹೇಳಲ್ಲ. ಆದರೆ ಆ ಪದದ ಮೇಲೆ ದುಡ್ಡು ಹಾಕೋ ಮುಂಚೆ ಅದರೊಳಗೆ ಏನಿದೆ ಅಂತ ಗೊತ್ತಿರಬೇಕು. ಚಕ್ಕೆ ಎಣ್ಣೆಗೆ ಆಂಟಿಆಕ್ಸಿಡೆಂಟ್ ಗುಣ ಇದೆ, ಅದು ಸುಳ್ಳಲ್ಲ. ಆದರೆ ಆ ಕೆಲಸ ಮಾಡೋದು ಎಣ್ಣೆಯ ಮುಖ್ಯ ಅಂಶ ಅಲ್ಲ, ಅದರಲ್ಲಿರೋ ಒಂದು ಸಣ್ಣ ಪಾಲು. ಚಕ್ಕೆಯಲ್ಲಿ ಇರೋ ಆಂಟಿಆಕ್ಸಿಡೆಂಟಿನ ದೊಡ್ಡ ಭಾಗ ಎಣ್ಣೆಗೆ ಬರೋದೇ ಇಲ್ಲ. ಇಷ್ಟು ಅರ್ಥ ಆದರೆ ಯಾವುದನ್ನು ಭಟ್ಟಿಗೆ ಹಾಕಬೇಕು, ಯಾವುದನ್ನು ಒಣಗಿಸಿ ಮಾರಬೇಕು ಅನ್ನೋದು ತಾನಾಗೇ ತಿಳಿಯುತ್ತೆ.

ಕಮಟು ಹಿಡಿಯೋದು ಅಂದ್ರೇನು

ಮನೆಯಲ್ಲಿ ಹಳೇ ಕೊಬ್ಬರಿ ಅಥವಾ ಗಾಣದ ಶೇಂಗಾ ಎಣ್ಣೆ ಕಮಟು ವಾಸನೆ ಬರೋದು ಎಲ್ಲರೂ ನೋಡಿರ್ತೀರಿ. ಅಲ್ಲಿ ನಡೆಯೋದು ಹೆಚ್ಚಾಗಿ ಉತ್ಕರ್ಷಣ, ಅಂದರೆ ಆಕ್ಸಿಡೇಷನ್. ಗಾಳಿಯ ಆಮ್ಲಜನಕ, ಬೆಳಕು, ಬಿಸಿ, ಜೊತೆಗೆ ಚೂರು ಕಬ್ಬಿಣವೋ ತಾಮ್ರವೋ ಸೇರಿದರೆ ಕೊಬ್ಬಿನ ಒಂದು ಅಣುವಿನಿಂದ ಒಂದು ಹೈಡ್ರೋಜನ್ ಕಿತ್ತುಹೋಗುತ್ತೆ. ಹಾಗೆ ಕಳೆದುಕೊಂಡ ಅಣು ಸುಮ್ಮನಿರಲ್ಲ, ಆಮ್ಲಜನಕವನ್ನು ಹಿಡಿದುಕೊಂಡು ಪಕ್ಕದ ಅಣುವಿನಿಂದ ಹೈಡ್ರೋಜನ್ ಕಿತ್ತುಕೊಳ್ಳುತ್ತೆ. ಅದು ಅದರ ಪಕ್ಕದ್ದನ್ನು ಹಿಡಿಯುತ್ತೆ. ಈ ಹಸಿದ ಅಣುಗಳಿಗೇ ಫ್ರೀ ರ‍್ಯಾಡಿಕಲ್ ಅನ್ನೋದು.

ಮಲೆನಾಡಿನವರಿಗೆ ಇದನ್ನು ಹೇಳೋದು ಸುಲಭ. ಬೇಸಿಗೇಲಿ ಬೆಟ್ಟದ ಒಣಹುಲ್ಲಿಗೆ ಕಿಡಿ ಬಿದ್ದ ಹಾಗೆ. ಒಂದು ಬುಡದಿಂದ ಇನ್ನೊಂದು ಬುಡಕ್ಕೆ ಹರಡ್ತಾ ಹೋಗುತ್ತೆ. ಅರಣ್ಯ ಇಲಾಖೆಯವರು ಮುಂಚೆಯೇ ಹುಲ್ಲು ಸವರಿ ಬೆಂಕಿ ರೇಖೆ ಮಾಡಿಡ್ತಾರಲ್ಲ, ಬೆಂಕಿ ಅಲ್ಲಿಗೆ ಬಂದು ನಿಲ್ಲುತ್ತೆ. ಆಂಟಿಆಕ್ಸಿಡೆಂಟ್ ಅಂದರೆ ಆ ಬೆಂಕಿ ರೇಖೆ. ಹಸಿದ ಅಣುವಿಗೆ ತನ್ನ ಹೈಡ್ರೋಜನ್ ಕೊಟ್ಟುಬಿಡುತ್ತೆ, ಕೊಟ್ಟ ಮೇಲೂ ತಾನು ಶಾಂತವಾಗೇ ಇರುತ್ತೆ, ಸರಪಳಿ ಅಲ್ಲಿಗೆ ತುಂಡಾಗುತ್ತೆ. ರೇಖೆ ಶಾಶ್ವತ ಅಲ್ಲ ಅನ್ನೋದನ್ನೂ ನೆನಪಿಟ್ಟುಕೊಳ್ಳಿ. ಕೊಡೋದೆಲ್ಲ ಕೊಟ್ಟು ಮುಗಿದ ಮೇಲೆ ಕೊಬ್ಬು ಮತ್ತೆ ಕೆಡೋಕೆ ಶುರುವಾಗುತ್ತೆ.

ಹೀಗೆ ಸುಲಭವಾಗಿ ಹೈಡ್ರೋಜನ್ ಕೊಡಬಲ್ಲ ಅಣುಗಳಲ್ಲಿ ಮುಖ್ಯವಾದವು ಫೀನಾಲ್ ಗುಂಪಿನವು. ಲವಂಗದ ಯೂಜೆನಾಲ್, ಓಮದ ಥೈಮಾಲ್ ಎಲ್ಲ ಈ ಜಾತಿಯವೇ.

ಒಂದೇ ಮರ, ಮೂರು ಎಣ್ಣೆ

ದಾಲ್ಚಿನ್ನಿ ಮರದ ವಿಶೇಷ ಅಂದರೆ ಚಕ್ಕೆ, ಎಲೆ, ಬೇರು ಮೂರರ ಎಣ್ಣೆಯೂ ಬೇರೆ ಬೇರೆ. ಬೇರಿನ ತೊಗಟೆಯ ಎಣ್ಣೆಯಲ್ಲಿ ಕರ್ಪೂರದ ಅಂಶ ಹೆಚ್ಚು, ಅದನ್ನು ಇಲ್ಲಿಗೇ ಬಿಡೋಣ. ಬೇರು ಕಿತ್ತರೆ ಮರವೇ ಹೋಯ್ತು.

ಎಲೆ ಎಣ್ಣೆಯಲ್ಲಿ ಮುಖ್ಯವಾದ್ದು ಯೂಜೆನಾಲ್, ಸಾಮಾನ್ಯವಾಗಿ 70 ಭಾಗಕ್ಕಿಂತ ಹೆಚ್ಚು. ಎಲೆ ಹರಿದು ಮೂಸಿ ನೋಡಿ, ಚಕ್ಕೆಗಿಂತ ಲವಂಗದ ವಾಸನೆ ಜಾಸ್ತಿ ಬರೋದು ಅದಕ್ಕೇ. ಚಕ್ಕೆ ಎಣ್ಣೆಯಲ್ಲಿ ಮುಖ್ಯ ಸಿನ್ನಮಾಲ್ಡಿಹೈಡ್. ಶ್ರೀಲಂಕಾ ಜಾತಿಯ ಅಸಲಿ ದಾಲ್ಚಿನ್ನಿ ಚಕ್ಕೆ ಎಣ್ಣೆ ಹೇಗಿರಬೇಕು ಅಂತ ಯುರೋಪಿಯನ್ ಫಾರ್ಮಾಕೊಪಿಯಾ ಒಂದು ಅಳತೆ ಇಟ್ಟಿದೆ. ಸಿನ್ನಮಾಲ್ಡಿಹೈಡ್ 55ರಿಂದ 75 ಭಾಗ, ಲಿನಾಲೂಲ್ 1ರಿಂದ 6 ಭಾಗ, ಯೂಜೆನಾಲ್ 7.5 ಭಾಗಕ್ಕಿಂತ ಕಡಿಮೆ, ಕೂಮರಿನ್ ಅರ್ಧ ಭಾಗಕ್ಕಿಂತ ಕಡಿಮೆ. ಈ ನಾಲ್ಕು ಅಂಕಿಗಳನ್ನು ಮೊಬೈಲಿನಲ್ಲಿ ಬರೆದಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಈಗ ವಿಷಯಕ್ಕೆ ಬರೋಣ. ಸಿನ್ನಮಾಲ್ಡಿಹೈಡ್ ಒಂದು ಆಲ್ಡಿಹೈಡ್, ಫೀನಾಲ್ ಅಲ್ಲ. ಬೆಂಕಿ ರೇಖೆಯ ಕೆಲಸ ಮಾಡೋಕೆ ಬೇಕಾದ, ಸುಲಭವಾಗಿ ಕೊಡಬಲ್ಲ ಹೈಡ್ರೋಜನ್ ಅದರ ಹತ್ರ ಇಲ್ಲ. ಪ್ರಯೋಗಾಲಯದಲ್ಲಿ ಬರೀ ಸಿನ್ನಮಾಲ್ಡಿಹೈಡ್ ತಗೊಂಡು ರ‍್ಯಾಡಿಕಲ್ ಹಿಡಿಯುವ ಶಕ್ತಿ ಅಳೆದರೆ ಯೂಜೆನಾಲ್ ಮುಂದೆ ಅದು ಬಹಳ ಸಪ್ಪೆ. ಅದರ ನಿಜವಾದ ಜೋರು ಬೇರೆ ಕಡೆ ಇದೆ. ಬೂಸ್ಟು, ಬ್ಯಾಕ್ಟೀರಿಯಾ ತಡೆಯೋದರಲ್ಲಿ ಅದು ಗಟ್ಟಿ ಆಸಾಮಿ. ಚಕ್ಕೆಗೆ ಆ ಸಿಹಿಖಾರದ ಘಮ ಕೊಡೋದೂ ಅದೇ. ಜೀವಕೋಶಗಳ ಮೇಲಿನ ಪ್ರಯೋಗಗಳಲ್ಲಿ ಸಿನ್ನಮಾಲ್ಡಿಹೈಡ್ ಕೋಶದ ಸ್ವಂತ ರಕ್ಷಣಾ ವ್ಯವಸ್ಥೆಯನ್ನು ಎಚ್ಚರಿಸುತ್ತೆ ಅಂತ ಕಂಡುಬಂದಿದೆ. ಅದು ಪರೋಕ್ಷ ಕೆಲಸ. ತಾನೇ ನಿಂತು ರ‍್ಯಾಡಿಕಲ್ ಹಿಡಿಯೋದಕ್ಕೂ ಇದಕ್ಕೂ ವ್ಯತ್ಯಾಸ ಇದೆ, ಗಾಜಿನ ತಟ್ಟೆಯ ಕೋಶಕ್ಕೂ ಊಟ ಮಾಡೋ ಮನುಷ್ಯನಿಗೂ ಇನ್ನೂ ದೊಡ್ಡ ವ್ಯತ್ಯಾಸ ಇದೆ.

ಅಂದರೆ, ಚಕ್ಕೆ ಎಣ್ಣೆಯಲ್ಲಿ ನೇರ ಆಂಟಿಆಕ್ಸಿಡೆಂಟ್ ಕೆಲಸದ ಬಹುಪಾಲನ್ನು ಹೊತ್ತಿರೋದು ಆ ಕೆಲವೇ ಭಾಗ ಯೂಜೆನಾಲ್. ಎಲೆ ಎಣ್ಣೆಯಲ್ಲಿ ಅದೇ ಯೂಜೆನಾಲ್ ಮುಕ್ಕಾಲು ಪಾಲು. ಹಾಗಾಗಿ ಬರೀ ಆಂಟಿಆಕ್ಸಿಡೆಂಟ್ ಲೆಕ್ಕದಲ್ಲಿ ಹೋಲಿಸಿದರೆ ಅಗ್ಗದ ಎಲೆ ಎಣ್ಣೆಯೇ ದುಬಾರಿ ಚಕ್ಕೆ ಎಣ್ಣೆಯನ್ನು ಹಿಂದೆ ಹಾಕುತ್ತೆ. ಪೋಸ್ಟರಿನವರು ಹೇಳದೇ ಇರೋ ಮಾತು ಇದು.

ಅಂಶಗಳು ಎಷ್ಟು ಏರುಪೇರಾಗುತ್ತವೆ ಅನ್ನೋದಕ್ಕೆ ಒಂದು ಉದಾಹರಣೆ. ಗೋರಖ್‌ಪುರ ವಿಶ್ವವಿದ್ಯಾಲಯದ ರಸಾಯನಶಾಸ್ತ್ರಜ್ಞರು 2007ರಲ್ಲಿ ಎಲೆ ಮತ್ತು ಚಕ್ಕೆಯ ಎಣ್ಣೆಗಳನ್ನು ಪಕ್ಕಪಕ್ಕ ಇಟ್ಟು ಪರೀಕ್ಷಿಸಿದ ವರದಿ ಪ್ರಕಟಿಸಿದರು. ಅವರು ನೋಡಿದ ಎಲೆ ಎಣ್ಣೆಯಲ್ಲಿ ಯೂಜೆನಾಲ್ 87.3 ಭಾಗ, ಚಕ್ಕೆ ಎಣ್ಣೆಯಲ್ಲಿ ಸಿನ್ನಮಾಲ್ಡಿಹೈಡ್ 97.7 ಭಾಗ. ಮೇಲೆ ಹೇಳಿದ 55ರಿಂದ 75ರ ಅಳತೆಯಿಂದ ಇದು ಎಷ್ಟು ದೂರ ನೋಡಿ. ಎಲ್ಲೋ ಒಂದು ಕಡೆ ಯಾರೋ ಪರೀಕ್ಷಿಸಿದ ಎಣ್ಣೆಯ ಫಲಿತಾಂಶವನ್ನು ನಿಮ್ಮ ತೋಟದ ಎಣ್ಣೆಯ ಬಾಟಲಿಗೆ ಅಂಟಿಸೋಕೆ ಆಗಲ್ಲ.

ಭಟ್ಟಿಯಲ್ಲೇ ಉಳಿದುಬಿಡೋ ಪಾಲು

“ಹಾಗಾದ್ರೆ ಚಕ್ಕೆಯಲ್ಲಿ ಆಂಟಿಆಕ್ಸಿಡೆಂಟ್ ತುಂಬಾ ಇದೆ ಅಂತ ಓದಿದ್ದೀವಲ್ಲ, ಅದು?” ಅದೂ ನಿಜಾನೇ. ಚಕ್ಕೆ ಪುಡಿಯಲ್ಲಿ ಪಾಲಿಫೀನಾಲುಗಳು ಧಾರಾಳ. ಚಹಾದ ಒಗರು, ಎಳೆ ಗೇರುಹಣ್ಣಿನ ಒಗರು ಬರುತ್ತಲ್ಲ, ಆ ಟ್ಯಾನಿನ್ ಜಾತಿಯ ದೊಡ್ಡ ದೊಡ್ಡ ಅಣುಗಳು. ಚಕ್ಕೆಯಲ್ಲಿರೋ ಇವುಗಳ ಮುಖ್ಯ ಗುಂಪಿಗೆ ಪ್ರೊಆಂಥೊಸಯನಿಡಿನ್ ಅಂತಾರೆ. ಅವು ನೀರಿನಲ್ಲಿ ಕರಗುತ್ತವೆ, ಆದರೆ ಹಬೆಯ ಜೊತೆ ಹಾರಲ್ಲ.

ಭಟ್ಟಿ ಇಳಿಸೋದು ಅಂದರೆ ಹಾರೋದನ್ನು ಮಾತ್ರ ಹಿಡಿಯೋದು. ಹಬೆ ಹೋಗ್ತಾ ಸಿನ್ನಮಾಲ್ಡಿಹೈಡ್, ಯೂಜೆನಾಲ್, ಲಿನಾಲೂಲಿನಂಥ ಹಗುರ ಅಣುಗಳನ್ನು ಹೊತ್ತುಕೊಂಡು ಹೋಗುತ್ತೆ. ಪಾಲಿಫೀನಾಲುಗಳು ತಳದಲ್ಲಿ ಉಳಿದ ಚಕ್ಕೆಯಲ್ಲೂ ಕೆಂಪು ನೀರಿನಲ್ಲೂ ಕೂತಿರುತ್ತವೆ. ಚಕ್ಕೆ ಪುಡಿಯ ಮೇಲೆ, ಚಕ್ಕೆಯ ನೀರಿನ ಸಾರದ ಮೇಲೆ ಮಾಡಿದ ಅಧ್ಯಯನಗಳನ್ನು ತಂದು ಎಣ್ಣೆ ಬಾಟಲಿಯ ಲೇಬಲ್ಲಿಗೆ ಹಾಕೋರು ಈ ಒಂದು ಹೆಜ್ಜೆಯನ್ನು ನುಂಗಿಬಿಡ್ತಾರೆ. ಆ ಲೆಕ್ಕದಲ್ಲಿ ನಮ್ಮ ಅಜ್ಜಿ ಚಕ್ಕೆ ಕುದಿಸಿ ಮಾಡೋ ಕಷಾಯದಲ್ಲಿ ಪಾಲಿಫೀನಾಲ್ ಇರುತ್ತೆ, ಎಣ್ಣೆಯಲ್ಲಿ ಇರಲ್ಲ.

ಇಲ್ಲೊಂದು ಎಚ್ಚರಿಕೆ. ಎಣ್ಣೆ ತೆಗೆದ ಚಕ್ಕೆಯನ್ನು ಮತ್ತೆ ಒಣಗಿಸಿ ಮಸಾಲೆ ಅಂಗಡಿಗೆ ಕೊಡೋಣ, ಪಾಲಿಫೀನಾಲ್ ಹೇಗೂ ಇದೆಯಲ್ಲ ಅಂತ ಯಾರಾದರೂ ಸಲಹೆ ಕೊಟ್ಟರೆ ಕೇಳಬೇಡಿ. ಘಮ ತೆಗೆದ ಸಾಂಬಾರ ಪದಾರ್ಥವನ್ನು ಒಳ್ಳೇದರ ಹೆಸರಲ್ಲಿ ಮಾರೋದು ಕಲಬೆರಕೆ. ಅದು ಕಾಂಪೋಸ್ಟ್ ಗುಂಡಿಗೆ ಹೋಗಲಿ, ಅಥವಾ ಮುಂದಿನ ಭಟ್ಟಿಗೆ ಉರುವಲಾಗಲಿ.

ಲ್ಯಾಬ್ ವರದಿ ಓದೋದು ಹೇಗೆ

ಎಣ್ಣೆ ಮಾರುವವರು ತೋರಿಸೋ ವರದಿಯಲ್ಲಿ ‘ಡಿಪಿಪಿಎಚ್’ ಅಂತ ಒಂದು ಹೆಸರು ಇರುತ್ತೆ. ಇದೊಂದು ಗಾಢ ನೇರಳೆ ಬಣ್ಣದ ರಾಸಾಯನಿಕ, ತಾನೇ ಒಂದು ರ‍್ಯಾಡಿಕಲ್. ಅದಕ್ಕೆ ಹೈಡ್ರೋಜನ್ ಕೊಡೋ ವಸ್ತು ಸೇರಿಸಿದರೆ ನೇರಳೆ ಹೋಗಿ ಹಳದಿಯಾಗುತ್ತೆ. ಎಷ್ಟು ಬಣ್ಣ ಇಳಿಯಿತು ಅಂತ ಯಂತ್ರದಲ್ಲಿ 517 ನ್ಯಾನೊಮೀಟರ್ ಬೆಳಕಿನಲ್ಲಿ ಅಳೀತಾರೆ. ಅರ್ಧದಷ್ಟು ರ‍್ಯಾಡಿಕಲ್ ಹಿಡಿಯೋಕೆ ಎಷ್ಟು ಪ್ರಮಾಣ ಬೇಕಾಯ್ತು ಅನ್ನೋದು ‘ಐಸಿ 50’. ಇಲ್ಲಿ ಅಂಕಿ ಕಡಿಮೆ ಇದ್ದಷ್ಟೂ ಶಕ್ತಿ ಹೆಚ್ಚು. ಗಡಿಬಿಡಿಯಲ್ಲಿ ದೊಡ್ಡ ಅಂಕಿ ನೋಡಿ ಖುಷಿ ಪಡೋರು ಇದ್ದಾರೆ, ಅದು ಉಲ್ಟಾ.

ಇನ್ನೊಂದು ಪರೀಕ್ಷೆ ನನಗೆ ಹೆಚ್ಚು ಇಷ್ಟ, ಯಾಕಂದ್ರೆ ಅದು ನಿಜವಾದ ಕಮಟಿಗೆ ಹತ್ತಿರ. ಕ್ಯಾರೆಟ್ಟಿನ ಕಿತ್ತಳೆ ಬಣ್ಣವಾದ ಬೀಟಾ ಕ್ಯಾರೊಟಿನ್ ಮತ್ತು ಲಿನೋಲಿಕ್ ಆಮ್ಲ ಅನ್ನೋ ಕೊಬ್ಬಿನಾಮ್ಲ ಎರಡನ್ನೂ ನೀರಿನಲ್ಲಿ ಬೆರೆಸಿ ಬಿಸಿ ಇಡ್ತಾರೆ. ಕೊಬ್ಬು ಕೆಡ್ತಾ ಹೋದ ಹಾಗೆ ಕಿತ್ತಳೆ ಬಣ್ಣ ಮಾಸುತ್ತೆ. ಆಂಟಿಆಕ್ಸಿಡೆಂಟ್ ಇದ್ದರೆ ಬಣ್ಣ ಹೆಚ್ಚು ಹೊತ್ತು ನಿಲ್ಲುತ್ತೆ. ನಮ್ಮ ಮೈಸೂರಿನ ಸಿಎಫ್‌ಟಿಆರ್‌ಐ ವಿಜ್ಞಾನಿಗಳು ದಾಲ್ಚಿನ್ನಿಯ ಹಣ್ಣಿನ ತೊಟ್ಟಿನ ಎಣ್ಣೆಯನ್ನು ಈ ವಿಧಾನದಲ್ಲಿ ಪರೀಕ್ಷಿಸಿ 2003ರಲ್ಲಿ ಪ್ರಕಟಿಸಿದ್ದಾರೆ. ಆ ಎಣ್ಣೆಯಲ್ಲಿ ಮೂರನೇ ಒಂದು ಪಾಲಿಗಿಂತ ಹೆಚ್ಚು ಇದ್ದದ್ದು ಸಿನ್ನಮೈಲ್ ಅಸಿಟೇಟ್, ಅಂದರೆ ಚಕ್ಕೆಗೂ ಎಲೆಗೂ ಇಲ್ಲದ ಮತ್ತೊಂದು ಜಾತಕ. ಬಿಸಾಡೋ ತೊಟ್ಟಿನಲ್ಲೂ ಕೆಲಸಕ್ಕೆ ಬರೋದು ಇದೆ ಅಂತ ತೋರಿಸಿದ್ದು ಆ ಕೆಲಸದ ಬೆಲೆ.

ಈಗ ನಾನು ಹೇಳಬೇಕಾದ ಮುಖ್ಯ ಮಾತು. ಯಾರಾದರೂ “ನಮ್ಮ ಚಕ್ಕೆ ಎಣ್ಣೆಗೆ ಬೇರೆಯವರಿಗಿಂತ ಆಂಟಿಆಕ್ಸಿಡೆಂಟ್ ಹೆಚ್ಚು” ಅಂತ ವರದಿ ತೋರಿಸಿದರೆ, ಮೊದಲು ಯೂಜೆನಾಲ್ ಎಷ್ಟಿದೆ ಅಂತ ಕೇಳಿ. 15 ಭಾಗವೋ 20 ಭಾಗವೋ ಇದ್ದರೆ ಅದಕ್ಕೆ ಎಲೆ ಎಣ್ಣೆ ಬೆರೆತಿರೋ ಅನುಮಾನ ಬಲವಾಗುತ್ತೆ. ಎಲೆ ಸೇರಿಸಿದಷ್ಟೂ ಡಿಪಿಪಿಎಚ್ ಅಂಕಿ ಚೆಂದ ಆಗುತ್ತೆ, ಎಣ್ಣೆ ಮಾತ್ರ ಕಲಬೆರಕೆ ಆಗುತ್ತೆ. ಅಂದರೆ ಇಲ್ಲಿ ಒಳ್ಳೆ ಆಂಟಿಆಕ್ಸಿಡೆಂಟ್ ಅಂಕಿ ಎಣ್ಣೆ ಅಸಲಿ ಅನ್ನೋದಕ್ಕೆ ಸಾಕ್ಷಿ ಅಲ್ಲವೇ ಅಲ್ಲ, ಕೆಲವು ಸಲ ವಿರುದ್ಧದ ಸಾಕ್ಷಿ. ಎಣ್ಣೆ ಅಳೆಯೋಕೆ ಜಿಸಿ ವರದಿ, ಅಂದರೆ ಗ್ಯಾಸ್ ಕ್ರೊಮ್ಯಾಟೊಗ್ರಫಿ ವರದಿ ಬೇಕು. ಅದರಲ್ಲಿ ಒಂದೊಂದು ಅಂಶದ ಪಾಲೂ ಬಿಡಿಸಿ ಬರುತ್ತೆ.

ಕಲಬೆರಕೆಯ ಇನ್ನೆರಡು ದಾರಿಗಳೂ ಜಿಸಿಯಲ್ಲಿ ಸಿಕ್ಕಿಬೀಳಬಹುದು. ಒಂದು, ಕಾರ್ಖಾನೆಯಲ್ಲಿ ಮಾಡಿದ ಸಿನ್ನಮಾಲ್ಡಿಹೈಡ್. ಅದನ್ನು ಬೆಂಜಾಲ್ಡಿಹೈಡ್ ಮತ್ತು ಅಸಿಟಾಲ್ಡಿಹೈಡಿನಿಂದ ಅಗ್ಗವಾಗಿ ತಯಾರಿಸ್ತಾರೆ. ಎರಡು, ಕೇಸಿಯಾ ಎಣ್ಣೆ. ಅಂಗಡಿಯಲ್ಲಿ ಚಕ್ಕೆ ಅಂತ ಸಿಗೋ ದಪ್ಪ, ಗಟ್ಟಿ, ಒಂದೇ ಸುರುಳಿಯ ತೊಗಟೆ ಹೆಚ್ಚಾಗಿ ಚೀನಾ, ವಿಯೆಟ್ನಾಂ, ಇಂಡೋನೇಷ್ಯಾ ಕಡೆಯ ಕೇಸಿಯಾ. ಅಸಲಿ ದಾಲ್ಚಿನ್ನಿ ಕಾಗದದಷ್ಟು ತೆಳು, ಪದರದ ಮೇಲೆ ಪದರ ಸುತ್ತಿಕೊಂಡಿರುತ್ತೆ, ಬೆರಳಲ್ಲಿ ಒತ್ತಿದರೆ ಪುಡಿಯಾಗುತ್ತೆ. ಕೇಸಿಯಾದಲ್ಲಿ ಕೂಮರಿನ್ ಬಹಳ ಹೆಚ್ಚು, ದಿನಾ ಜಾಸ್ತಿ ತಿಂದರೆ ಲಿವರಿಗೆ ಒಳ್ಳೇದಲ್ಲ. ಅದಕ್ಕೇ ಯುರೋಪಿನವರು ಅದರ ಮೇಲೆ ಕಣ್ಣಿಟ್ಟಿರೋದು.

ಅಂದ ಹಾಗೆ ‘ಓರಾಕ್’ ಅಂತ ಇನ್ನೊಂದು ಅಂಕಿ ಇತ್ತು. ಯಾವ ಆಹಾರದಲ್ಲಿ ಎಷ್ಟು ಆಂಟಿಆಕ್ಸಿಡೆಂಟ್ ಅಂತ ಅಮೆರಿಕದ ಕೃಷಿ ಇಲಾಖೆಯೇ ಪಟ್ಟಿ ಹಾಕಿತ್ತು, ಚಕ್ಕೆ ಅದರಲ್ಲಿ ಮೇಲ್ಮೇಲೆ ಇತ್ತು. ಕಂಪನಿಗಳು ಆ ಅಂಕಿಗಳನ್ನು ಜಾಹೀರಾತಿಗೆ ಬೇಕಾದ ಹಾಗೆ ಬಳಸೋಕೆ ಶುರು ಮಾಡಿದ್ದರಿಂದ, ಗಾಜಿನ ನಳಿಕೆಯ ಅಂಕಿಗೂ ದೇಹದೊಳಗೆ ನಡೆಯೋದಕ್ಕೂ ತಾಳೆ ಇಲ್ಲದ್ದರಿಂದ, 2012ರಲ್ಲಿ ಇಲಾಖೆ ಆ ಪಟ್ಟಿಯನ್ನೇ ವಾಪಸ್ ತಗೊಂಡಿತು. ಆದರೂ ಆ ಹಳೇ ಪಟ್ಟಿ ಇವತ್ತಿಗೂ ಪೋಸ್ಟರುಗಳಲ್ಲಿ ಓಡಾಡ್ತಾ ಇದೆ.

ಕೊಳ್ಳುವವರು ಯಾಕೆ ಕೊಳ್ತಾರೆ

ಬಿಸ್ಕತ್ತು, ಹುರಿದ ಶೇಂಗಾ, ಮಸಾಲೆ ತಿಂಡಿ ಮಾಡೋ ಕಂಪನಿಗೆ ಕೊಬ್ಬು ಕಮಟಾಗದೇ ಇರೋಕೆ ಏನಾದರೂ ಬೇಕೇ ಬೇಕು. ಬಿಎಚ್‌ಎ, ಬಿಎಚ್‌ಟಿ, ಟಿಬಿಎಚ್‌ಕ್ಯೂ ಅನ್ನೋ ಕೃತಕ ಆಂಟಿಆಕ್ಸಿಡೆಂಟ್‌ಗಳನ್ನು ಬಳಸ್ತಾರೆ. ಗಿಡಮೂಲದ್ದೇ ಬೇಕು ಅನ್ನೋರಿಗೆ ರೋಸ್‌ಮೆರಿ ಸಾರ ಇದೆ, ವಿಟಮಿನ್ ಇ ಗುಂಪಿನ ಟೋಕೋಫೆರಾಲ್ ಇದೆ. ಇವಕ್ಕೆ ಒಂದು ಅನುಕೂಲ ಏನಂದ್ರೆ ಬಳಸೋ ಪ್ರಮಾಣದಲ್ಲಿ ತಿಂಡಿಯ ರುಚಿಯನ್ನು ಅಷ್ಟಾಗಿ ಬದಲಿಸಲ್ಲ. ಚಕ್ಕೆ ಎಣ್ಣೆ ಒಂದೆರಡು ಹನಿ ಬಿದ್ದರೂ ಇಡೀ ಡಬ್ಬ ಚಕ್ಕೆ ಚಕ್ಕೆ ಅನ್ನುತ್ತೆ. ಹಾಗಾಗಿ ನನ್ನ ಅಭಿಪ್ರಾಯದಲ್ಲಿ ಚಕ್ಕೆ ಎಣ್ಣೆಗೆ ಗಿರಾಕಿ ಬರೋದು ಘಮಕ್ಕೆ ಮತ್ತು ರುಚಿಗೆ. ಆಂಟಿಆಕ್ಸಿಡೆಂಟ್ ಗುಣ ಜೊತೆಗೆ ಸಿಗೋ ಕೊಸರು. ಕೊಸರಿನ ಮೇಲೆ ವ್ಯಾಪಾರದ ಲೆಕ್ಕ ಹಾಕಬಾರದು.

ಆಂಟಿಆಕ್ಸಿಡೆಂಟ್ ಎಣ್ಣೆಯೇ ಕೆಟ್ಟುಹೋಗುತ್ತೆ

ಕೇಳಿದರೆ ನಗು ಬರಬಹುದು. ಚಕ್ಕೆ ಎಣ್ಣೆ ತಾನೇ ಗಾಳಿಗೆ ಕೆಡುತ್ತೆ. ಸಿನ್ನಮಾಲ್ಡಿಹೈಡ್ ಆಮ್ಲಜನಕದ ಜೊತೆ ಸೇರಿ ಸಿನ್ನಮಿಕ್ ಆಮ್ಲ ಆಗುತ್ತೆ, ಸ್ವಲ್ಪ ಒಡೆದು ಬೆಂಜಾಲ್ಡಿಹೈಡ್ ಆಗುತ್ತೆ. ಹೊಸ ಎಣ್ಣೆ ತಿಳಿ ಹಳದಿ ಇರುತ್ತೆ. ಹಳೇದಾದ ಹಾಗೆ ಕೆಂಪು ಕಂದಿಗೆ ತಿರುಗಿ ಮಂದ ಆಗುತ್ತೆ. ಬೇಕರಿಯ ಬಾದಾಮಿ ಎಸೆನ್ಸಿನ ವಾಸನೆ ಬರೋಕೆ ಶುರುವಾದರೆ ಅದು ಬೆಂಜಾಲ್ಡಿಹೈಡ್. ಬಾಟಲಿಯ ಕತ್ತಿನಲ್ಲಿ ಬಿಳಿ ಹರಳು ಕಂಡರೆ ಸಿನ್ನಮಿಕ್ ಆಮ್ಲ ಇರಬಹುದು. ಅಂಥ ಎಣ್ಣೆಗೆ ಗಿರಾಕಿ ಮುಖ ತಿರುಗಿಸ್ತಾನೆ, ನೀವು ಎಷ್ಟೇ ಆಂಟಿಆಕ್ಸಿಡೆಂಟ್ ಅಂದರೂ ಸರಿಯೇ.

ಆದ್ದರಿಂದ ಕಂದು ಬಣ್ಣದ ಗಾಜಿನ ಬಾಟಲಿ ಬೇಕು. ಕತ್ತಿನ ತನಕ ತುಂಬಿಸಿ, ಮೇಲೆ ಗಾಳಿಗೆ ಜಾಗ ಬಿಡಬೇಡಿ. ಅರ್ಧ ಖಾಲಿಯಾದ ದೊಡ್ಡ ಬಾಟಲಿಗಿಂತ ಪೂರ್ತಿ ತುಂಬಿದ ಸಣ್ಣ ಬಾಟಲಿಗಳು ಒಳ್ಳೇದು. ತಂಪಾದ, ಕತ್ತಲೆಯ ಜಾಗ. ಎಣ್ಣೆಯಲ್ಲಿ ನೀರಿನ ಹನಿ ಉಳಿದಿರಬಾರದು. ಪ್ಲಾಸ್ಟಿಕ್ ಕ್ಯಾನು ಬೇಡವೇ ಬೇಡ, ಈ ಎಣ್ಣೆ ಪ್ಲಾಸ್ಟಿಕ್ಕನ್ನೇ ತಿನ್ನುತ್ತೆ. ಬಾಟಲಿ ಮೇಲೆ ಭಟ್ಟಿ ಇಳಿಸಿದ ತಾರೀಖು, ಚಕ್ಕೆಯೋ ಎಲೆಯೋ, ಯಾವ ತಳಿ ಅಂತ ಬರೀರಿ.

ಭಟ್ಟಿಗೆ ಏನು ಹಾಕಬೇಕು

ಕೋಯಿಕ್ಕೋಡಿನ ಭಾರತೀಯ ಸಾಂಬಾರ ಬೆಳೆಗಳ ಸಂಶೋಧನಾ ಸಂಸ್ಥೆ ಬಿಡುಗಡೆ ಮಾಡಿದ ನವಶ್ರೀ ಮತ್ತು ನಿತ್ಯಶ್ರೀ ತಳಿಗಳ ಚಕ್ಕೆಯಲ್ಲಿ ಎಣ್ಣೆ 2.7 ಭಾಗ ಅಂತ ಸಂಸ್ಥೆಯ ಲೆಕ್ಕ. ಅದು ಪ್ರಯೋಗಾಲಯದ ಗಾಜಿನ ಉಪಕರಣದಲ್ಲಿ ಬರೋ ಅಂಕಿ, ತೋಟದ ಭಟ್ಟಿಯಲ್ಲಿ ಅಷ್ಟು ಬರಲ್ಲ. ತಳಿ ಗೊತ್ತಿಲ್ಲದ ಬೀಜದ ಗಿಡಗಳಲ್ಲಿ ಅರ್ಧದಿಂದ 1 ಭಾಗ ಬಂದರೂ ಸಾಕು ಅನ್ನೋ ಪರಿಸ್ಥಿತಿ.

ಲೆಕ್ಕ ಮಾಡಿ ನೋಡೋಣ. 1 ಭಾಗ ಅಂದರೆ 1 ಕೆಜಿ ಎಣ್ಣೆಗೆ 100 ಕೆಜಿ ಒಣ ಚಕ್ಕೆ. ಬೆಲೆ ಬರೀ ಲೆಕ್ಕಕ್ಕೆ ಕೆಜಿಗೆ 400 ರೂಪಾಯಿ ಅಂತ ಇಟ್ಟುಕೊಳ್ಳಿ. ಒಳಗೆ ಹಾಕಿದ ಚಕ್ಕೆಯ ಬೆಲೆಯೇ 40,000 ಆಯ್ತು. ಒಳ್ಳೆ ತಳಿ ಇದ್ದು 2 ಭಾಗ ಸಿಕ್ಕರೆ 50 ಕೆಜಿ, 20,000. ಇದರ ಮೇಲೆ ಕಟ್ಟಿಗೆ, ಕೂಲಿ, ನೀರು, ಭಟ್ಟಿಯ ಕಂತು. ನಿಮ್ಮ ಊರಿನ ಇವತ್ತಿನ ಚಕ್ಕೆ ಬೆಲೆ ಹಾಕಿ ಇದೇ ಲೆಕ್ಕ ಮಾಡಿ, ಆಮೇಲೆ ಎಣ್ಣೆ ಕೊಳ್ಳುವವನ ಬೆಲೆ ಕೇಳಿ. ಅಸಲಿ ಎಣ್ಣೆ ದುಬಾರಿ ಆಗೋದು ಈ ಕಾರಣಕ್ಕೆ, ಆಂಟಿಆಕ್ಸಿಡೆಂಟ್ ಕಾರಣಕ್ಕಲ್ಲ. ಅಸಲು ಖರ್ಚಿಗಿಂತ ಕಡಿಮೆಗೆ ಆನ್‌ಲೈನಿನಲ್ಲಿ ಸಿಗೋ ‘ಶುದ್ಧ’ ಚಕ್ಕೆ ಎಣ್ಣೆ ಎಲ್ಲಿಂದ ಬಂತು ಅಂತ ಈಗ ನೀವೇ ಊಹಿಸಬಹುದು.

ದಾಲ್ಚಿನ್ನಿಯ ತವರು ಶ್ರೀಲಂಕಾದಲ್ಲೂ ಚೆಂದದ ಉದ್ದ ಸುರುಳಿಗಳನ್ನು ಭಟ್ಟಿಗೆ ಹಾಕಲ್ಲ. ಅವು ಸುರುಳಿಯಾಗಿಯೇ ಮಾರಾಟ ಆಗುತ್ತವೆ. ಮುರಿದ ತುಂಡು, ಸಣ್ಣ ಕೊಂಬೆಯ ಒಳತೊಗಟೆ, ಹೆರೆದ ಚೂರು, ಇವೇ ಎಣ್ಣೆಗೆ ಹೋಗೋದು. ನಮಗೂ ಇದೇ ಸರಿ. ಮಳೆ ಕಡಿಮೆಯಾಗೋ ಸೆಪ್ಟೆಂಬರಿನಿಂದ ನವೆಂಬರ್ ಹೊತ್ತಿಗೆ, ಕೆಂಪು ಚಿಗುರು ಹಸಿರಿಗೆ ತಿರುಗಿ, ತೊಗಟೆ ಸಲೀಸಾಗಿ ಬಿಟ್ಟುಕೊಳ್ಳೋ ಸಮಯದಲ್ಲಿ ಹೆಬ್ಬೆರಳು ಗಾತ್ರದ ಕೊಂಬೆ ಕಡೀರಿ, ಅದೇ ದಿನ ಸುಲೀರಿ. ಸುರುಳಿ ಒಣಗಿಸಿ ಮಾರಿ. ಚೂರುಪಾರು ಕೂಡಿಟ್ಟು ಒಂದು ಭಟ್ಟಿ ಆಗುವಷ್ಟಾದ ಮೇಲೆ ಇಳಿಸಿ.

ಎಲೆ ಕಥೆ ಬೇರೆ. ಕೊಂಬೆ ಕಡಿದಾಗ ರಾಶಿ ಎಲೆ ಹೇಗೂ ಉಳಿಯುತ್ತೆ. ಹೆಚ್ಚಿನವರು ತೋಟದಲ್ಲೇ ಬಿಡ್ತಾರೆ. ಅದನ್ನು ನಾಲ್ಕೈದು ದಿನ ನೆರಳಲ್ಲಿ ಬಾಡಿಸಿ ಭಟ್ಟಿ ಇಳಿಸಿದರೆ ಯೂಜೆನಾಲ್ ತುಂಬಿದ ಎಣ್ಣೆ. ಬೆಲೆ ಚಕ್ಕೆ ಎಣ್ಣೆಗಿಂತ ಬಹಳ ಕಡಿಮೆ, ನಿಜ. ಆದರೆ ಕಚ್ಚಾವಸ್ತುವಿಗೆ ಖರ್ಚಿಲ್ಲ, ಜೊತೆಗೆ ಆಂಟಿಆಕ್ಸಿಡೆಂಟ್ ಅನ್ನೋ ಮಾತು ನಿಜವಾಗಿ ಒಪ್ಪೋದು ಈ ಎಣ್ಣೆಗೆ. ಇದನ್ನು ಎಲೆ ಎಣ್ಣೆ ಅಂತಲೇ ಮಾರಿ.

ಮಜ್ಜಿಗೆಹುಲ್ಲಿನ ಭಟ್ಟಿ ಇದೆ, ಅದರಲ್ಲೇ ಮಾಡ್ತೀನಿ ಅನ್ನೋರು ಒಂದು ನೋಡಿಕೊಳ್ಳಿ. ಮಜ್ಜಿಗೆಹುಲ್ಲಿನ ಎಣ್ಣೆ ನೀರಿಗಿಂತ ಹಗುರ, ಮೇಲೆ ತೇಲುತ್ತೆ. ದಾಲ್ಚಿನ್ನಿಯ ಎಲೆ ಎಣ್ಣೆ ನೀರಿಗಿಂತ ಭಾರ, ತಳಕ್ಕೆ ಇಳಿಯುತ್ತೆ. ಚಕ್ಕೆ ಎಣ್ಣೆಯೂ ಭಾರವೇ, ಆದರೆ ನೀರಿಗೆ ತೀರ ಹತ್ತಿರ, ಅದಕ್ಕೇ ಬೇಗ ಬೇರೆಯಾಗಲ್ಲ, ಹಾಲಿನ ಥರ ಬೆಳ್ಳಗೆ ಬೆರೆತು ನಿಲ್ಲುತ್ತೆ. ಹಗುರ ಎಣ್ಣೆಗೆ ಮಾಡಿದ ಸೆಪರೇಟರ್ ಇಟ್ಟರೆ ತಳದ ನಳಿಕೆಯಿಂದ ನೀರಿನ ಜೊತೆ ನಿಮ್ಮ ಎಣ್ಣೆಯೂ ಚರಂಡಿಗೆ. ಭಾರದ ಎಣ್ಣೆಗೆ ಅಂತ ಬೇರೆ ಸೆಪರೇಟರ್ ಹಾಕಿಸಿ, ಇಡೀ ರಾತ್ರಿ ತಿಳಿಯಾಗೋಕೆ ಬಿಡಿ. ಆ ಹಾಲಿನಂಥ ನೀರನ್ನು ಚೆಲ್ಲದೆ ಮುಂದಿನ ಭಟ್ಟಿಗೆ ವಾಪಸ್ ಹಾಕಿ, ಅದರಲ್ಲಿ ಎಣ್ಣೆ ಕರಗಿರುತ್ತೆ. ಪಾತ್ರೆ, ಕೊಳವೆ ಎಲ್ಲ ಸ್ಟೇನ್‌ಲೆಸ್ ಸ್ಟೀಲ್ ಇರಲಿ. ಕಬ್ಬಿಣ ತಾಗಿದರೆ ಯೂಜೆನಾಲ್ ಕಪ್ಪಾಗುತ್ತೆ. ಉತ್ಕರ್ಷಣಕ್ಕೆ ಕಿಡಿ ಹಚ್ಚೋದೂ ಅದೇ ಕಬ್ಬಿಣ, ತಾಮ್ರ ಅಂತ ಮೊದಲೇ ಹೇಳಿದ್ದೆ.

ಕೈ, ಕಣ್ಣು, ಲೇಬಲ್

ಚಕ್ಕೆ ಎಣ್ಣೆ ಚರ್ಮಕ್ಕೆ ಬಹಳ ಕಟುವಾದ ಎಣ್ಣೆಗಳಲ್ಲೊಂದು. ನೇರವಾಗಿ ತಾಗಿದರೆ ಉರಿ, ಕೆಂಪು, ಕೆಲವರಿಗೆ ಜೀವನಪೂರ್ತಿ ಅಲರ್ಜಿ. ಬಾಟಲಿ ತುಂಬುವಾಗ ನೈಟ್ರೈಲ್ ಕೈಗವಸು, ಕಣ್ಣಿಗೆ ಕನ್ನಡಕ. ಕೈಗೆ ಬಿದ್ದರೆ ಮೊದಲು ಅಡುಗೆ ಎಣ್ಣೆ ಹಚ್ಚಿ ಒರೆಸಿ, ಆಮೇಲೆ ಸೋಪು ನೀರು. ಕಣ್ಣಿಗೆ ಬಿದ್ದರೆ ತುಂಬಾ ಹೊತ್ತು ನೀರಲ್ಲಿ ತೊಳೆದು ನೇರ ಆಸ್ಪತ್ರೆಗೆ. ಆಂಟಿಆಕ್ಸಿಡೆಂಟ್ ಅಂತ ನೀರಿಗೆ ಹನಿ ಹಾಕಿ ಕುಡಿಯೋ ವಿಡಿಯೊಗಳನ್ನು ನಂಬಬೇಡಿ, ಮಕ್ಕಳಿಗಂತೂ ಕೊಡಲೇಬೇಡಿ. ನಮ್ಮಂಥ ಸಾವಯವದವರಿಗೂ ಒಂದು ಮಾತು: ಬೂಸ್ಟಿಗೆ ಒಳ್ಳೇದು ಅಂತ ಅಳತೆ ಇಲ್ಲದೆ ಗಿಡಕ್ಕೆ ಹೊಡೆದರೆ ಎಲೆ ಸುಟ್ಟುಹೋಗುತ್ತೆ.

ಲೇಬಲ್ ಮೇಲೆ ‘ಕ್ಯಾನ್ಸರ್ ತಡೆಯುತ್ತೆ’, ‘ಸಕ್ಕರೆ ಕಾಯಿಲೆ ವಾಸಿ’ ಅಂತ ಹಾಕಿದರೆ ಕಾನೂನು ಬಿಡಲ್ಲ. ಆಹಾರದ ಮೇಲಿನ ಜಾಹೀರಾತು ಮತ್ತು ಹೇಳಿಕೆಗಳಿಗೆ ಎಫ್‌ಎಸ್‌ಎಸ್‌ಎಐ 2018ರಲ್ಲೇ ನಿಯಮ ಮಾಡಿದೆ, ಕಾಯಿಲೆ ವಾಸಿ ಮಾಡೋ ಜಾಹೀರಾತಿಗೆ 1954ರ ಕಾಯ್ದೆ ಇದೆ. ಸಿಕ್ಕಿಬೀಳೋದು ಪೋಸ್ಟರ್ ಮಾಡಿದವನಲ್ಲ, ಬಾಟಲಿ ಮೇಲೆ ಹೆಸರು ಇರೋ ನೀವು.

ಭಟ್ಟಿ ಕೊಳ್ಳೋದು ಆಮೇಲೆ ಇರಲಿ. ಮೊದಲು ನಿಮ್ಮ ತೋಟದ ಚಕ್ಕೆ ಚೂರು ಒಂದೆರಡು ಕೆಜಿ, ಬಾಡಿಸಿದ ಎಲೆ ಅಷ್ಟೇ ತೂಕ, ಬೇರೆ ಬೇರೆ ಚೀಲದಲ್ಲಿ ತಗೊಂಡು ಸಾಂಬಾರ ಪದಾರ್ಥ ಪರೀಕ್ಷಿಸೋ ಯಾವುದಾದರೂ ಮಾನ್ಯತೆ ಇರೋ ಲ್ಯಾಬಿಗೆ ಕೊಡಿ. ಒಂದೇ ಮರದ್ದು ಬೇಡ, ಹತ್ತು ಹದಿನೈದು ಮರದಿಂದ ಸ್ವಲ್ಪ ಸ್ವಲ್ಪ ಸೇರಿಸಿ. ಎಣ್ಣೆ ಎಷ್ಟು ಭಾಗ ಬಂತು, ಜಿಸಿಯಲ್ಲಿ ಸಿನ್ನಮಾಲ್ಡಿಹೈಡ್, ಯೂಜೆನಾಲ್, ಲಿನಾಲೂಲ್, ಕೂಮರಿನ್ ಎಷ್ಟೆಷ್ಟು ಅಂತ ಬರೆದುಕೊಡಿ ಅಂತ ಕೇಳಿ. ಶುಲ್ಕ ಮೊದಲೇ ವಿಚಾರಿಸಿ. ವರದಿ ಬಂದ ಮೇಲೆ ಫೋಟೊ ಕಳಿಸಿದರೆ ಇಲ್ಲೇ ಕೂತು ಒಟ್ಟಿಗೆ ಓದೋಣ.